ಟ್ರಾಕ್ಟರಿಗೆ ಹಿಡಿದ ಗಾಳಿ

ಊರಿನ ಜಮೀನನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಬಂದವರು ನಮ್ಮಲ್ಲಿ ಅನೇಕರು. ಬಿತ್ತನೆಯ ಕಾಲದಲ್ಲಿ ಅಲ್ಲಿಂದ ಫೋನು ಬಂದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವುದು ಟ್ರಾಕ್ಟರಿನ ಗೋಳು: "ಎಣ್ಣೆ, ಫಿಲ್ಟರು ಬದಲಾಯಿಸಿದಂದಿನಿಂದ ಲಿಫ್ಟು ಏಳುತ್ತಿಲ್ಲ. ಪಂಪು ಹೋಗಿದೆಯಂತೆ. ದುಡ್ಡು ಕಳಿಸು." ಕಳಿಸುವ ಮುನ್ನ, ಗಾಳಿ ಹಿಡಿದಿದೆಯೇ ನೋಡಿದಿರಾ ಎಂದು ಕೇಳಿರೆಂಬುದು ನಮ್ಮ ಸಲಹೆ.

ನಗಬೇಡಿ, ಇದು ಬೇವಿನಸೊಪ್ಪಿನಿಂದ ಬಿಡಿಸುವ ಗಾಳಿಯಲ್ಲ! ನೇಗಿಲನ್ನು ಎತ್ತುವುದು ಎಣ್ಣೆಯ ಒತ್ತಡ. ಐರ್ಲೆಂಡಿನ ಹ್ಯಾರಿ ಫರ್ಗುಸನ್ನನ ಟ್ರಾಕ್ಟರು 1936ರಲ್ಲಿ ಈ ಏರ್ಪಾಡನ್ನು ಹೊತ್ತು ಮಾರುಕಟ್ಟೆಗೆ ಬಂದಿತು. ಒತ್ತಿದರೆ ಎಣ್ಣೆ ಕುಗ್ಗುವುದಿಲ್ಲವೆಂಬ ಒಂದೇ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ಗಾಳಿಯೋ, ಸ್ಪ್ರಿಂಗಿನಂತೆ ಕುಗ್ಗುತ್ತದೆ. ಫಿಲ್ಟರು ಬಿಚ್ಚಿದಾಗ ಅದು ಒಳಸೇರಿದರೆ ಲಿಫ್ಟು ಜಗ್ಗಿ ಜಗ್ಗಿ ಏಳುತ್ತದೆ, ಇಲ್ಲವೆ ಏಳುವುದೇ ಇಲ್ಲ. ಪಂಪು ಗೋಳಿಡುತ್ತದೆ, ಎಣ್ಣೆ ನೊರೆಗಟ್ಟುತ್ತದೆ.

ಬಿಡಿಸುವುದು ಕಷ್ಟವಲ್ಲ. ಕಂಪನಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಗುರುತಿನವರೆಗೆ ತುಂಬಿ, ಇಂಜಿನನ್ನು ನಿಧಾನವಾಗಿ ಓಡಿಸುತ್ತ, ಭಾರವಿಲ್ಲದ ಲಿಫ್ಟನ್ನು ಹತ್ತಾರು ಸಲ ಪೂರ್ತಿ ಏರಿಸಿ ಇಳಿಸಬೇಕು. ಸಾಮಾನ್ಯವಾಗಿ ಗಾಳಿ ತಾನೇ ಟ್ಯಾಂಕಿಗೆ ಮರಳುತ್ತದೆ. ಇಂಜಿನು ನಿಲ್ಲಿಸಿ, ನೊರೆ ಇಳಿದ ಮೇಲೆ ಮಟ್ಟ ನೋಡಿ, ತಗ್ಗಿದಷ್ಟು ಎಣ್ಣೆ ಸೇರಿಸಬೇಕು. ಕೆಲವು ಯಂತ್ರಗಳಲ್ಲಿ ಗಾಳಿ ಬಿಡಲು ಪ್ರತ್ಯೇಕ ತಿರುಪು ಉಂಟು. ಅದನ್ನು ಪುಸ್ತಕ ನೋಡದೆ ಮುಟ್ಟಕೂಡದು. ಅವಸರಪಟ್ಟು ಇಂಜಿನನ್ನು ಜೋರು ಮಾಡಿದರೆ ಎಣ್ಣೆ ಸಿಗದ ಪಂಪು ಸವೆದು, ಇಲ್ಲದ ರೋಗ ನಿಜವಾದೀತು.

ಆದರೆ ಪಂಪಿಗಿಂತ ಕೈ ದೊಡ್ಡದು. ಸೋರುವ ಜಾಗವನ್ನು ಬೆರಳಿನಿಂದ ತಡವಬೇಡಿರೆಂದು ಊರಿನವರಿಗೆ ಒತ್ತಿ ಹೇಳಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಬೀಳದು, ಚರ್ಮವನ್ನೇ ತೂರಿ ಒಳಹೋಗುತ್ತದೆ. ಮೇಲೆ ಚುಕ್ಕೆಯಷ್ಟು ಗಾಯ, ಮೊದಲಿಗೆ ನೋವೂ ಅಷ್ಟಿರದು. ತಡಮಾಡಿದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಅರಿಸಿನ ಹಚ್ಚಿ ಕೂರದೆ, ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಆಗಿಂದಾಗಲೇ ಹೋಗಿ, ಎಣ್ಣೆ ಒಳಹೊಕ್ಕಿದೆಯೆಂದು ಬಿಡಿಸಿ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಯಾವ ಕೊಳವೆಯನ್ನೇ ಸಡಿಲಿಸಲಿ, ಮೊದಲು ನೇಗಿಲನ್ನು ನೆಲಕ್ಕಿಳಿಸಿ, ಇಂಜಿನು ನಿಲ್ಲಿಸಿ, ಲಿವರು ಆಡಿಸಿ ಒತ್ತಡ ಕಳೆಯಲಿ. ಎತ್ತಿದ ನೇಗಿಲಿನಡಿ ಯಾರೂ ತೂರಬಾರದು.

ಇಷ್ಟಾದರೂ ನೊರೆ ಮತ್ತೆ ಮತ್ತೆ ಬಂದರೆ ಪಂಪು ಎಲ್ಲಿಂದಲೋ ಗಾಳಿ ಹೀರುತ್ತಿದೆ ಎಂದರ್ಥ. ಹೊಸ ಫಿಲ್ಟರಿನ ರಬ್ಬರ್ ಉಂಗುರ, ಎಣ್ಣೆ ಹೀರುವ ಕೊಳವೆಯ ಕ್ಲಿಪ್ಪು, ಇವೆರಡನ್ನೂ ನೋಡಲಿ. ಅವು ಸರಿಯಿದ್ದರೆ ಮಾತ್ರ ಪಂಪು ಬಿಚ್ಚಿಸಲಿ.