ಮೊದಲು ದುಡ್ಡು ಕೊಡಿ, ಆಮೇಲೆ ಮಾಲೀಕರ ಬೆನ್ನು ಹತ್ತಿ

ಭತ್ತದ ನಾಟಿ ಸಮಯದಲ್ಲಿ ಬೆಳಿಗ್ಗೆ ಕಂಪ್ಲಿ ರಸ್ತೆಯಲ್ಲಿ ನಿಂತು ನೋಡಿ. ಒಂದರ ಹಿಂದೊಂದು ಟಾಟಾ ಏಸ್, ಟಂಟಂ ಹೋಗುತ್ತಿರುತ್ತವೆ. ಸರಕಿನ ಗಾಡಿಗಳು, ಆದರೆ ಒಳಗಿರುವುದು ಬುತ್ತಿ ಹಿಡಿದು ನಿಂತ ಹೆಣ್ಣುಮಕ್ಕಳು. ಸಂಡೂರು ಕಡೆಯಾದರೆ ಇಂಥವೇ ಗಾಡಿಗಳು ಅದಿರು ಲಾರಿಗಳ ನಡುವೆ ನುಸುಳಬೇಕು.

ಗಾಡಿ ಮಗುಚಿದರೆ ನಾವು ಸುದ್ದಿ ಬರೆಯುತ್ತೇವೆ. ಸತ್ತವರೆಷ್ಟು, ಗಾಯಗೊಂಡವರೆಷ್ಟು, ಯಾವ ಠಾಣೆ. ನಮ್ಮ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಮನೆಯವರ ಅಲೆದಾಟ ಶುರುವಾಗುವುದು ಆಮೇಲೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ.

ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿಗಳಿಗೆ ರೂಢಿಯಾಗಿರುವ ವಾದ ಎರಡು. ಒಂದು, ಚಾಲಕನ ಲೈಸೆನ್ಸ್ ಸರಿಯಿಲ್ಲ. ಎರಡು, ಸರಕಿನ ಗಾಡಿಯಲ್ಲಿ ಜನ ಇದ್ದರು, ಅವರಿಗೆ ಪಾಲಿಸಿ ಅನ್ವಯಿಸುವುದಿಲ್ಲ.

ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. ಕಂಪನಿಗಳು ಒಪ್ಪಲಿಲ್ಲ. ಬಜಾಜ್ ಅಲಯನ್ಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. ಇಂಥ ಚಾಲಕರಿಂದ ಅಪಘಾತ ಹೆಚ್ಚಿದೆ ಎನ್ನುವ ಅಂಕಿಅಂಶವನ್ನು ಯಾರೂ ತನ್ನ ಮುಂದೆ ಇಟ್ಟಿಲ್ಲ ಎಂದೂ ಪೀಠ ಹೇಳಿತು. ಅಂಕಿಅಂಶವೇ ಇಲ್ಲದ ವಾದಕ್ಕೆ ಮತ್ತೆ ಏಳು ವರ್ಷ ಹೋದವು.

ಎರಡನೆಯ ವಾದ ಈಗಲೂ ಗಟ್ಟಿಯಾಗಿದೆ. 1994ರ ತಿದ್ದುಪಡಿಯಂತೆ ಸರಕಿನ ಜೊತೆ ಹೋಗುವ ಅದರ ಮಾಲೀಕ ಅಥವಾ ಪ್ರತಿನಿಧಿಗೆ ವಿಮೆಯ ರಕ್ಷಣೆ ಉಂಟು, ಸುಮ್ಮನೆ ಹತ್ತಿದವರಿಗೆ ಇಲ್ಲ. ಕಾನೂನು ಕಂಪನಿಯ ಕಡೆಗಿದೆ, ಒಪ್ಪೋಣ. ಆದರೆ 2004ರ ಜನವರಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್‌ನ ಇಂಥದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿತು. ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. ಮುಂದೆ ಕೆಲವು ತೀರ್ಪುಗಳು ಇದೇ ದಾರಿ ಹಿಡಿದವು, ಕೆಲವು ಹಿಡಿಯಲಿಲ್ಲ. ಹಾಗಾಗಿ ಒಂದೇ ಬಗೆಯ ಸಾವಿಗೆ ಒಂದು ಮನೆಗೆ ದುಡ್ಡು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ.

ಇದು ಕೋರ್ಟಿನ ಕೃಪೆಯಾಗಿ ಉಳಿಯಬಾರದು, ಕಾಯ್ದೆಯಲ್ಲೇ ಬರಬೇಕು. ವಸೂಲಿ ಮಾಡಲು ಕಂಪನಿಯ ಬಳಿ ಮಾಲೀಕನ ವಿಳಾಸವಿದೆ, ಕಚೇರಿಯಿದೆ, ವಕೀಲರಿದ್ದಾರೆ. ಅವ್ವನನ್ನು ಕಳೆದುಕೊಂಡ ಮಕ್ಕಳ ಬಳಿ ಇರುವುದು ಆದೇಶದ ಪ್ರತಿ ಮಾತ್ರ. ಮಾಲೀಕನೇ ಕೊಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಅವನ ಗಾಡಿ ಸಾಲದ್ದಾಗಿದ್ದರೆ, ಅದನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರೆ, ಕೂಲಿ ಬಿಟ್ಟು ಯಾರ ಬೆನ್ನು ಹತ್ತುವುದು?

ಹೀಗೆ ಮಾಡಿದರೆ ಮಾಲೀಕರಿಗೆ ಭಯ ಇಲ್ಲದಂತಾಗುತ್ತದೆ, ಇನ್ನಷ್ಟು ಜನರನ್ನು ತುಂಬುತ್ತಾರೆ ಎನ್ನುವವರಿದ್ದಾರೆ. ನನಗನ್ನಿಸುವುದು ಉಲ್ಟಾ. ಬಡವರು ಬೆನ್ನು ಹತ್ತಲಾರರೆಂಬ ಧೈರ್ಯದಲ್ಲೇ ಇವತ್ತು ಮಾಲೀಕ ತಪ್ಪಿಸಿಕೊಳ್ಳುತ್ತಾನೆ. ಕಂಪನಿಯೇ ಬೆನ್ನು ಹತ್ತಿದರೆ ಜನರನ್ನು ತುಂಬುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ನಮ್ಮದೂ ಒಂದು ಕೆಲಸವಿದೆ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸತ್ತವರ ಸಂಖ್ಯೆ ಬರೆದ ಮೇಲೆ ಆ ಒಂದು ಸಾಲನ್ನೂ ಸೇರಿಸೋಣ.