ಗಣಕ ಸಹಾಯಕೇಂದ್ರ: ಯಂತ್ರದ ಉತ್ತರ, ಕನ್ನಡದ ಪ್ರಶ್ನೆ

ವಿಶ್ವವಿದ್ಯಾಲಯಗಳಲ್ಲಿ ಗಣಕ ಸಂಬಂಧಿ ತೊಂದರೆಗಳಿಗೆ ಉತ್ತರ ನೀಡುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳಿಗೆ ವಹಿಸುವ ಕ್ರಮ ಹಲವೆಡೆ ರೂಢಿಗೆ ಬರುತ್ತಿದೆ. ಮರೆತ ಪಾಸ್‌ವರ್ಡ್, ತೆರೆಯದ ಇ-ಮೇಲ್ ಮುಂತಾದ ದಿನನಿತ್ಯದ ತೊಡಕುಗಳಿಗೆ ಹಗಲಿರುಳೂ ಉತ್ತರ ದೊರೆಯುವುದು ಅನುಕೂಲವೇ ಸರಿ. ಆದರೆ ಆ ಉತ್ತರ ಎಲ್ಲಿಂದ ಬರುತ್ತದೆ ಎಂಬುದು ಕನ್ನಡ ವಿಭಾಗಗಳು ಕೇಳಿಕೊಳ್ಳಬೇಕಾದ ಮೂಲಭೂತ ಪ್ರಶ್ನೆ.

ಈ ದೃಷ್ಟಿಯಿಂದ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಒಂದು ಪ್ರಯೋಗ ಗಮನಾರ್ಹವಾದುದು. ಪ್ರಾಧ್ಯಾಪಕ ಅಶೋಕ್ ಗೋಯೆಲ್ ಅವರ ಆನ್‌ಲೈನ್ ತರಗತಿಯಲ್ಲಿ ಸುಮಾರು 300 ವಿದ್ಯಾರ್ಥಿಗಳಿಂದ ಒಂದು ಸೆಮಿಸ್ಟರಿಗೆ ಸುಮಾರು 10,000 ಸಂದೇಶಗಳು ಬರುತ್ತಿದ್ದವು. 2016ರಲ್ಲಿ ‘ಜಿಲ್ ವಾಟ್ಸನ್’ ಎಂಬ ಯಂತ್ರ ಸಹಾಯಕಿ ಅಲ್ಲಿ ಉತ್ತರಿಸತೊಡಗಿತು. ಅದಕ್ಕೆ ಆಧಾರವಾದದ್ದು ಹಿಂದಿನ ತರಗತಿಗಳಲ್ಲಿ ಸಂಗ್ರಹವಾಗಿದ್ದ ಸುಮಾರು 40,000 ಬರಹಗಳು. ಶೇ. 97ರಷ್ಟು ಖಚಿತತೆಯಿದ್ದಾಗ ಮಾತ್ರ ಅದು ಉತ್ತರಿಸುತ್ತಿತ್ತು. ಉಳಿದ ಪ್ರಶ್ನೆಗಳು ಮನುಷ್ಯರ ಪಾಲಿಗೆ ಬರುತ್ತಿದ್ದವು. ಯಂತ್ರದ ಜಾಣ್ಮೆಯ ಹಿಂದೆ ಮನುಷ್ಯರು ಬರೆದಿಟ್ಟ ಉತ್ತರಗಳ ಭಂಡಾರವಿತ್ತು ಎಂಬುದು ಇಲ್ಲಿ ಮುಖ್ಯ.

ಇಂದಿನ ಭಾಷಾ ಮಾದರಿಗಳು ಕನ್ನಡದಲ್ಲಿಯೂ ಸರಾಗವಾಗಿ ಬರೆಯಬಲ್ಲವು. ಆದರೆ ಸರಾಗತೆ ಬೇರೆ, ಸತ್ಯ ಬೇರೆ. ಆಧಾರ ಪಠ್ಯವಿಲ್ಲದಿದ್ದಾಗ ಊಹೆಯನ್ನೇ ನಿಯಮವೆಂಬಂತೆ ಹೇಳಿಬಿಡುವ ದೋಷ ಅವುಗಳಲ್ಲಿದೆ. ಕನ್ನಡ ಸಂಶೋಧಕರ ತೊಡಕುಗಳ ವಿಷಯದಲ್ಲಿ ಆ ಆಧಾರ ಪಠ್ಯವೇ ವಿರಳ. ‘ನುಡಿ’ಯ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಮಹಾಪ್ರಬಂಧವನ್ನೇ ನೋಡಬಹುದು. ಅಲ್ಲಿ ಕನ್ನಡದ ಲಿಪಿರೂಪಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿರುವುದರಿಂದ, ಓದುಗರ ಕಣ್ಣಿಗೆ ಕನ್ನಡವಾದ ಪುಟ ಗಣಕಕ್ಕೆ ಅರ್ಥಹೀನ ಅಕ್ಷರರಾಶಿಯಾಗುತ್ತದೆ. ‘ಶೋಧಗಂಗಾ’ ಭಂಡಾರಕ್ಕೆ ಸೇರಿದರೂ ಅದರ ಒಡಲಿನ ಒಂದು ಪದವನ್ನೂ ಹುಡುಕಲಾಗದು. ಇಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಬಗೆ, ಆಗ ಕೆಡಬಹುದಾದ ಅರ್ಕಾವತ್ತು, ಒತ್ತಕ್ಷರಗಳನ್ನು ತಿದ್ದುವ ಬಗೆ ಇವೆಲ್ಲ ಬಹುಮಟ್ಟಿಗೆ ಬೆರಳಚ್ಚುಗಾರರ, ಹಿರಿಯ ಸಂಶೋಧಕರ ಬಾಯಿಮಾತಿನ ತಿಳಿವಳಿಕೆಯಾಗಿಯೇ ಉಳಿದಿವೆ. ಬರೆಯದ ಉತ್ತರವನ್ನು ಯಂತ್ರ ಕಲಿಯಲಾರದು.

ಇದು ಸಾಹಿತ್ಯ ವಿಭಾಗದ ಕೆಲಸವಲ್ಲ ಎಂಬ ಆಕ್ಷೇಪ ಸಹಜ. ಆದರೆ ಜನ ಬಳಸುವ ಮಾತನ್ನು ಸಂಗ್ರಹಿಸಿ, ವರ್ಗೀಕರಿಸಿ, ಅರ್ಥ ನಿರ್ಣಯಿಸುವುದು ಕನ್ನಡ ವಿದ್ವತ್ತಿಗೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅಂಥ ಶ್ರಮದ ಫಲ. ‘ಫೈಲ್ ಅಪ್‌ಲೋಡ್ ಆಗವಲ್ದು’ ಎಂದು ಧಾರವಾಡದ ವಿದ್ಯಾರ್ಥಿಯೂ ‘ಆಗ್ತಾ ಇಲ್ಲ’ ಎಂದು ಮೈಸೂರಿನ ವಿದ್ಯಾರ್ಥಿಯೂ ಕೇಳುವುದು ಒಂದೇ ಪ್ರಶ್ನೆಯೆಂದು ಗುರುತಿಸಿಕೊಡುವುದಕ್ಕೆ ಭಾಷೆ ಬಲ್ಲವರೇ ಬೇಕು.

ಆದ್ದರಿಂದ ವಿಶ್ವವಿದ್ಯಾಲಯಗಳು ಯಂತ್ರವನ್ನು ಕೊಳ್ಳುವ ಮೊದಲು ಕನಿಷ್ಠ ಒಂದು ವರ್ಷದ ಪ್ರಶ್ನೆಗಳನ್ನು, ಕೇಳಿದವರ ಹೆಸರು ಬಿಟ್ಟು, ಕೇಳಿದ ಮಾತಿನಲ್ಲಿಯೇ ಸಂಗ್ರಹಿಸಬೇಕು. ಗಣಕ ವಿಭಾಗದವರೂ ಕನ್ನಡ ಅಧ್ಯಾಪಕರೂ ಕೂಡಿ ಅವುಗಳಿಗೆ ಪರಿಶೀಲಿತ ಉತ್ತರಗಳನ್ನು ಬರೆಯಬೇಕು. ಯಂತ್ರಕ್ಕೆ ತಿಳಿಯದುದನ್ನು ಒಪ್ಪಿಸಿಕೊಳ್ಳಲು ಒಬ್ಬ ಹೊಣೆಗಾರ ನೌಕರರಿರಬೇಕು. ಹಾಗಾಗದಿದ್ದರೆ, ಪ್ರಬಂಧ ಸಲ್ಲಿಕೆಯ ಕೊನೆಯ ದಿನ ಕನ್ನಡದಲ್ಲಿ ನೆರವು ಕೇಳಿದ ಸಂಶೋಧಕರಿಗೆ ಅಚ್ಚುಕಟ್ಟಾದ ಕನ್ನಡದಲ್ಲಿ ತಪ್ಪು ಉತ್ತರ ದೊರೆತೀತು.