ಅಪ್ಪನ ಸಹಿ ಇಲ್ಲದವನಿಗೆ ಕಾಲೇಜಿಲ್ಲವೇ?

“ಓದುವ ಛಲವಿದ್ದವನಿಗೆ ದುಡ್ಡು ಅಡ್ಡ ಬರುವುದಿಲ್ಲ. ನಾವೂ ವಾರಾನ್ನ ಉಂಡೇ ಮೇಲೆ ಬಂದವರು.” ಸನ್ಮಾನ ಸಮಾರಂಭಗಳಲ್ಲಿ ಶಾಲು ಹೊದ್ದು ಕುಳಿತ ದೊಡ್ಡ ಮನುಷ್ಯರ ಬಾಯಲ್ಲಿ ಈ ಮಾತು ಕೇಳದವರುಂಟೇ? ಕೇಳಿ ಚಪ್ಪಾಳೆ ತಟ್ಟುವವರೂ ನಾವೇ. ಈ ಮಾತನ್ನು ಒಮ್ಮೆ ತೂಗಿ ನೋಡೋಣ. ತಕ್ಕಡಿ ಹಿಡಿಯುವುದನ್ನು ಅಂಗಡಿಯ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಾರಾನ್ನವೆಂದರೇನು? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳು ಸೇರಿ ಒಬ್ಬ ಹುಡುಗನ ಹೊಟ್ಟೆ ತುಂಬಿಸುತ್ತಿದ್ದವು. ಅದೂ ಎಲ್ಲರ ಮಕ್ಕಳಿಗೆ ಸಿಗುತ್ತಿರಲಿಲ್ಲ. ಜಾತಿ ನೋಡಿ ಎಲೆ ಹಾಕುತ್ತಿದ್ದರು. ಎಲೆ ಸಿಗದವರ ಮಕ್ಕಳಿಗಾಗಿ ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಒಂದೊಂದಾಗಿ ವಸತಿಗೃಹಗಳನ್ನು ತೆರೆಸಿದರು. ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ದುಡಿಯುತ್ತ ಓದುವ ದಾರಿ ತೋರಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಮೂರೂ ಉಚಿತವಾಗಿ ದೊರೆತವು. ಇವರಲ್ಲಿ ಒಬ್ಬಂಟಿಯಾಗಿ ಓದಿದವನು ಯಾರು? ಯಾರೂ ಇಲ್ಲ. ಖರ್ಚು ಹೊತ್ತದ್ದು ಸಮಾಜ. ಸಮಾಜದ ಅನ್ನ ಉಂಡು, ಈಗ “ನಿನ್ನ ದಾರಿ ನೀನು ನೋಡಿಕೋ” ಎನ್ನುವುದು ಉಂಡ ಮನೆಯ ಜಂತೆ ಎಣಿಸಿದಂತೆಯೇ ಸರಿ.

“ಈಗ ಬ್ಯಾಂಕು ಸಾಲ ಕೊಡುತ್ತದಲ್ಲ” ಎನ್ನುತ್ತಾರೆ. ಕೊಡುತ್ತದೆ. ಯಾರಿಗೆ? 2001ರಲ್ಲಿ ಬಂದ ಮಾದರಿ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಜಾಮೀನು ಬೇಡ. ಆದರೆ ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಬೇಕು. ಬಡ್ಡಿಯ ಲೆಕ್ಕವನ್ನೂ ನೋಡಿ. 1 ಲಕ್ಷ ರೂಪಾಯಿಗೆ ಶೇ. 10 ಎಂದಿಟ್ಟುಕೊಂಡರೆ, ಓದುವ 3 ವರ್ಷ, ಕೆಲಸ ಹುಡುಕುವ 1 ವರ್ಷ ಸೇರಿ ಸರಳ ಬಡ್ಡಿಯೇ 40,000 ರೂ. ಮೊದಲ ಸಂಬಳ ಕೈಗೆ ಬರುವ ಮುನ್ನವೇ ಹುಡುಗ ಋಣಸ್ಥ. ಬಡ್ಡಿಗೆ ಸಹಾಯಧನ ಕೊಡುವ 2009ರ ಯೋಜನೆ ವೃತ್ತಿಪರ, ತಾಂತ್ರಿಕ ಶಿಕ್ಷಣದವರಿಗೆ, ಬಿ.ಎ. ಓದುವವನಿಗಲ್ಲ. 2024ರ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನು ಬೇಡವೆಂದಿದ್ದಾರೆ, ಸಂತೋಷ. ಆದರೆ ಅದು ಸರ್ಕಾರ ಆರಿಸಿದ ಉನ್ನತ ಸಂಸ್ಥೆಗಳ ಪಟ್ಟಿಗೆ ಮಾತ್ರ. ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನ ಹುಡುಗನನ್ನು ಕೇಳುವವರಾರು?

ನಾನು ಮೇಷ್ಟರಾಗಿದ್ದಾಗ ಎಷ್ಟೋ ಮಕ್ಕಳ ಅರ್ಜಿ ತುಂಬಿಕೊಟ್ಟಿದ್ದೇನೆ. ಎಲ್ಲ ಅರ್ಜಿಗಳಲ್ಲೂ ಒಂದೇ ಪ್ರಶ್ನೆ: ತಂದೆಯ ಉದ್ಯೋಗವೇನು, ತಂದೆಯ ಆದಾಯವೆಷ್ಟು? ಬಟವಾಡೆಯ ದಿನವೇ ಸಂಬಳವನ್ನೆಲ್ಲ ಕುಡಿದು ಮುಗಿಸುವ ತಂದೆಯ ಆದಾಯ ಕಾಗದದ ಮೇಲೆ ಇರುತ್ತದೆ, ಮನೆಗೆ ಬರುವುದಿಲ್ಲ. ಇನ್ನೊಬ್ಬ ತಂದೆ ಅಂಗಡಿ ಇಟ್ಟುಕೊಂಡಿದ್ದಾನೆ. “ಮಗಳನ್ನು ಓದಿಸುವುದಿಲ್ಲ, ಮದುವೆ ಮಾಡುತ್ತೇನೆ” ಎನ್ನುತ್ತಾನೆ. ಅವನ ಆದಾಯ ಮಿತಿ ಮೀರಿದ್ದರಿಂದ ಆಕೆಗೆ ವಿದ್ಯಾರ್ಥಿವೇತನವಿಲ್ಲ. ಅವನು ಸಹಿ ಹಾಕದ್ದರಿಂದ ಸಾಲವೂ ಇಲ್ಲ. ಈ ಹುಡುಗಿ ಎಲ್ಲಿಗೆ ಹೋಗಬೇಕು? 1989ರಿಂದ 18 ತುಂಬಿದವರು ಓಟು ಹಾಕಿ ಸರ್ಕಾರವನ್ನೇ ಬದಲಿಸಬಲ್ಲರು. ಅದೇ ಸರ್ಕಾರದ ಕಚೇರಿಯಲ್ಲಿ ಮಾತ್ರ ಅವರಿನ್ನೂ ಅಪ್ಪನ ಕೈಕೂಸು!

“ದುಡಿದು ಓದಲಿ” ಎನ್ನುವವರಿಗೂ ಒಂದು ಮಾತು. ರಾತ್ರಿ ಪಾಳಿ ಮುಗಿಸಿದವನು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾನೆ. ಹಗಲು ದುಡಿದರೆ ತರಗತಿಯೇ ತಪ್ಪುತ್ತದೆ. ಶೇ. 75 ಹಾಜರಿ ಇಲ್ಲವೆಂದು ಪರೀಕ್ಷೆಗೆ ಕೂರಿಸುವುದಿಲ್ಲ. ದುಡಿಯೆಂದು ಹೇಳುವವರೂ ಇವರೇ, ದುಡಿದದ್ದಕ್ಕೆ ಬಾಗಿಲು ಹಾಕುವವರೂ ಇವರೇ.

ಬೊಕ್ಕಸದಲ್ಲಿ ಹಣವಿಲ್ಲವೆಂಬುದು ಸುಳ್ಳು. 2019ರಲ್ಲಿ ಕಂಪೆನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ, ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ರಾಷ್ಟ್ರೀಯ ಆದಾಯದ ಶೇ. 6 ಭಾಗ ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು; 2020ರ ಶಿಕ್ಷಣ ನೀತಿಯೂ ಅದೇ ಪಾಠ ಒಪ್ಪಿಸಿತು. ಆ ಗುರಿ ಇನ್ನೂ ಮುಟ್ಟಿಲ್ಲ. ಸೋಪು, ಚಪ್ಪಲಿಗಳ ಮೇಲೆ ತೆರಿಗೆ ಕೊಡುವ ಕೂಲಿಕಾರನ ಮಗನಿಗೆ ಮಾತ್ರ “ಛಲವಿರಲಿ” ಎಂಬ ಉಪದೇಶ!

ನಮ್ಮ ಬೇಡಿಕೆಗಳು ಇಷ್ಟೇ:

1. 18 ತುಂಬಿದ ವಿದ್ಯಾರ್ಥಿಯ ಅರ್ಜಿಯನ್ನು ಆತನ ಸ್ವಂತ ಆದಾಯದ ಮೇಲೆ ತೀರ್ಮಾನಿಸತಕ್ಕದ್ದು. ಸ್ವೀಡನ್ ದೇಶದಲ್ಲಿ ಹೀಗೆಯೇ ನಡೆಯುತ್ತಿದೆ.

2. ಬಡ್ಡಿಯಿಲ್ಲದ ಸಾಲ ಎಲ್ಲ ಪದವಿಗಳಿಗೂ ಸಿಗಬೇಕು. ಇದೇನೂ ಹೊಸದಲ್ಲ; ಕೇಂದ್ರ ಸರ್ಕಾರ 1963ರಲ್ಲಿಯೇ ಅಂಥ ಸಾಲ ವಿದ್ಯಾರ್ಥಿವೇತನವನ್ನು ಆರಂಭಿಸಿತ್ತು.

3. ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಹಾಸ್ಟೆಲು, ಇಲ್ಲವೇ ನಿಜವಾಗಿ ಊಟ-ಬಾಡಿಗೆಗೆ ಸಾಲುವ ಹಣ. ವಿದ್ಯಾಸಿರಿ ಯೋಜನೆ ಆರಂಭವಾದಾಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂ., ಅಂದರೆ ದಿನಕ್ಕೆ 50 ರೂ. ಹೋಟೆಲಿನವರು ಹೇಳಲಿ, ಇದಕ್ಕೆ ಎರಡು ಹೊತ್ತಿನ ಊಟ ಬರುತ್ತದೆಯೇ?

4. ದುಡಿಯುವವರಿಗಾಗಿ ಸರ್ಕಾರಿ ಸಂಜೆ ಕಾಲೇಜು.

ಮಿಲ್ಲಿನ ಯೂನಿಯನ್‌ಗಳೂ ವರ್ತಕರ ಸಂಘಗಳೂ ಈ ತಿಂಗಳೇ ಸಭೆ ಸೇರಿ ಠರಾವು ಮಾಡಲಿ. ಶಾಸಕರ ಕೈಗೆ ಠರಾವು ಕೊಟ್ಟು, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಓಟು ಕೇಳಲು ಬಂದಾಗ ಆ ಕಾಗದ ನಿಮ್ಮ ಜೇಬಿನಲ್ಲಿರಲಿ.